ಹೊಸಬರಿಗೆ ಎರಡು ಪದರದ ಬಾಲೇ ಸಾಕು

ಹೊಸದಾಗಿ ಗಾಲ್ಫ್ ಆಡುವವರೂ ಯುರೆಥೇನ್ ಎಂಬ ಮೆತ್ತನೆಯ ಪ್ಲಾಸ್ಟಿಕ್ ಹೊದಿಕೆಯ ದುಬಾರಿ ಬಾಲನ್ನೇ ಕೊಳ್ಳಬೇಕು ಎಂದು ಒಂದು ಲೇಖನದಲ್ಲಿ ಓದಿದೆ. ಇದನ್ನು ನಾನು ಒಪ್ಪುವುದಿಲ್ಲ, ಅಗ್ಗದ ಎರಡು ಪದರದ ಬಾಲೇ ಸಾಕು.

ನಾನು ಹುಬ್ಬಳ್ಳಿಯವನು. ಪ್ರಾಕ್ಟೀಸ್ ಮಾಡುವುದು ಕುಂದಗೋಳದ ಹತ್ತಿರ ಮಾವನ ಹೊಲದಲ್ಲಿ, ಕಡಲೆ ಕಿತ್ತ ಮೇಲೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಹೋದ ಭಾನುವಾರ ಒಂದು ಬಾಲ್ ಕಣ್ಣೆದುರೇ ಉರುಳಿ ಬಿರುಕಿನೊಳಗೆ ಇಳಿಯಿತು. ಕೋಲು ಹಾಕಿ ಕೆದಕಿದರೂ ಸಿಗಲಿಲ್ಲ. ದುಬಾರಿ ಬಾಲ್ ಆಗಿದ್ದರೆ ಹೊಟ್ಟೆ ಉರಿಯುತ್ತಿತ್ತು ಅಲ್ವಾ?

ದುಡ್ಡಿನ ಮಾತು ಬಿಡಿ, ಆಟಕ್ಕೂ ಎರಡು ಪದರದ್ದೇ ಒಳ್ಳೆಯದು. ಅದರ ಒಳಗೆ ರಬ್ಬರ್ ತಿರುಳು, ಮೇಲೆ ಅಯಾನೊಮರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೊದಿಕೆ. ಹೆಂಟೆಗೆ ಬಡಿದರೂ ಬೇಗ ತರಚುವುದಿಲ್ಲ. ಸ್ಪಿನ್, ಅಂದರೆ ಬಾಲ್ ಗಿರಗಿರ ತಿರುಗುವುದು ಕಡಿಮೆ, ಹಾಗಾಗಿ ಡ್ರೈವರ್ (ದೂರ ಹೊಡೆಯುವ ಕೋಲು) ಹೊಡೆತ ಸ್ವಲ್ಪ ತಪ್ಪಿದರೂ ಬಾಲ್ ಜಾಸ್ತಿ ಬಾಗುವುದಿಲ್ಲ. ಗ್ರೀನ್ ಮೇಲೆ, ಅಂದರೆ ಗುಂಡಿಯ ಸುತ್ತ ಸಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಯುರೆಥೇನ್ ಬಾಲಿನಂತೆ ಗಕ್ಕನೆ ನಿಲ್ಲುವುದಿಲ್ಲ, ನಿಜ. ನಾಲ್ಕು ಹೆಜ್ಜೆ ಮುಂಚೆ ಇಳಿಸಿ ಉರುಳಲು ಬಿಟ್ಟರಾಯಿತು. ನಿಯಮದಲ್ಲೂ ಅಗ್ಗದ್ದು, ದುಬಾರಿಯದ್ದು ಎಂಬ ಭೇದವಿಲ್ಲ: ತೂಕ 45.93 ಗ್ರಾಂ ಮೀರಬಾರದು, ಅಡ್ಡಳತೆ 42.67 ಮಿ.ಮೀ.ಗಿಂತ ಕಡಿಮೆ ಇರಬಾರದು ಎಂಬ ನಿಯಮ ಎಲ್ಲ ಬಾಲಿಗೂ ಒಂದೇ.

ಬಳಸಿದ ಬಾಲ್ ಕೊಳ್ಳುವವರು ಮತ್ತೆ ಬಣ್ಣ ಬಳಿದದ್ದನ್ನು ಮಾತ್ರ ಮುಟ್ಟಬೇಡಿ. ಬಣ್ಣ ಬಾಲಿನ ಮೈಮೇಲಿನ ಸಣ್ಣ ಕುಳಿಗಳಲ್ಲಿ ತುಂಬಿಕೊಂಡರೆ ಹಾರಾಟ ಕೆಡುತ್ತದೆ. ನಾನಂತೂ ಕಿತ್ತಳೆ ಬಣ್ಣದ್ದನ್ನೇ ತರುತ್ತೇನೆ, ಒಣ ಹುಲ್ಲಿನಲ್ಲೂ ದೂರದಿಂದ ಎದ್ದು ಕಾಣುತ್ತದೆ.