ವಿಷಯದ ಸಾಲು ಬದಲಿಸುವ ಮುನ್ನ

ಗುಂಪಿನ ಹಳೆಯ ಇಮೇಲ್‌ಗಳಲ್ಲಿ ಒಂದು ತೀರ್ಮಾನವನ್ನು ಹುಡುಕಲು ನನಗೆ ಕಳೆದ ವಾರ ಮುಕ್ಕಾಲು ಗಂಟೆ ಹಿಡಿಯಿತು. ಲೆಕ್ಕಪತ್ರವನ್ನು ಯಾರು ಪರಿಶೀಲಿಸಬೇಕೆಂಬ ಆ ತೀರ್ಮಾನ ಸಿಕ್ಕಿದ್ದು ‘ಶನಿವಾರದ ಸಭೆಯ ಸಮಯ’ ಎಂಬ ವಿಷಯದಡಿ, 23ನೆಯ ಉತ್ತರದಲ್ಲಿ. ಸಭೆಯ ಸಮಯವಾದರೋ ಮೂರನೆಯ ಉತ್ತರಕ್ಕೇ ನಿಗದಿಯಾಗಿತ್ತು.

ಮಾತಿನಿಂದ ಮಾತಿಗೆ ಹೋಗುವುದು ತಪ್ಪಲ್ಲ. ಆದರೆ ಮಾತನ್ನು ಹೊರಳಿಸಿದವರೇ ವಿಷಯದ ಸಾಲನ್ನೂ ಬದಲಿಸಬೇಕು. ಪತ್ರದ ವಿಷಯದ ಸಾಲು ಒಳಗಿನ ಹೂರಣಕ್ಕೆ ತಕ್ಕಂತಿರಬೇಕೆಂದು 1995ರ ಆರ್‌ಎಫ್‌ಸಿ 1855 ಎಂಬ ಇಂಟರ್ನೆಟ್ ಶಿಷ್ಟಾಚಾರದ ಕೈಪಿಡಿಯೇ ಹೇಳಿದೆ. ಇದಕ್ಕೊಂದು ಹಳೆಯ, ಸೊಗಸಾದ ರೂಢಿಯೂ ಇದೆ: ‘ಲೆಕ್ಕಪತ್ರದ ಪರಿಶೀಲನೆ (ಹಿಂದಿನ ವಿಷಯ: ಶನಿವಾರದ ಸಭೆಯ ಸಮಯ)’ ಎಂದು ಬರೆದರೆ ಚರ್ಚೆ ಎಲ್ಲಿಂದ ಕವಲೊಡೆಯಿತೆಂಬುದು ಎಲ್ಲರಿಗೂ ತಿಳಿಯುತ್ತದೆ. ಅದಕ್ಕೆ ಮುಂದೆ ಉತ್ತರಿಸುವವರು ಆವರಣದೊಳಗಿನ ಭಾಗವನ್ನು ಅಳಿಸಿಬಿಡಬಹುದು.

ಇನ್ನು ಸಾಲಿನ ಮೊದಲಿಗೆ ತಾನಾಗಿ ಬಂದು ಕೂರುವ ‘ರೀ:’ ಲ್ಯಾಟಿನ್‌ನ ‘ಇನ್ ರೆ’ ಎಂಬುದರ ಮೊಟಕು ರೂಪ. ‘ಈ ವಿಷಯವಾಗಿ’ ಎಂದು ಅದರ ಅರ್ಥ. ಅದು ಒಂದೇ ಸಾಕು. ‘ರೀ: ರೀ: ರೀ:’ ಎಂದು ಸಾಲುಗಟ್ಟಿದಾಗ, ಕೇಳಿಸದ ಗಂಡನನ್ನು ಹಿತ್ತಲಿನಿಂದ ಕೂಗುತ್ತಿರುವಂತೆ ನನಗೆ ಭಾಸವಾಗುತ್ತದೆ.

ಮಾತು ಹೊರಳಿದರೂ ಸಾಲನ್ನು ಬದಲಿಸದಿರುವುದಕ್ಕೆ ವಿರುದ್ಧವಾದ ತಪ್ಪು ಇನ್ನೂ ಸೂಕ್ಷ್ಮವಾದುದು. ವಿಳಾಸಗಳನ್ನು ಮತ್ತೆ ಟೈಪಿಸುವ ಗೋಜೇಕೆಂದು ಯಾವುದೋ ಹಳೆಯ ಪತ್ರ ತೆರೆದು, ‘ಎಲ್ಲರಿಗೂ ಉತ್ತರಿಸಿ’ ಒತ್ತಿ, ವಿಷಯವನ್ನು ಅಳಿಸಿ, ಸಂಬಂಧವೇ ಇಲ್ಲದ ಹೊಸ ವಿಚಾರ ಬರೆಯುವವರು ನಮ್ಮಲ್ಲಿ ಅನೇಕರಿದ್ದಾರೆ. ಉತ್ತರವಾಗಿ ಹೋಗುವ ಪ್ರತಿ ಪತ್ರದ ತಲೆಭಾಗದಲ್ಲಿ ಮೂಲ ಪತ್ರದ ಗುರುತು ಕಣ್ಣಿಗೆ ಕಾಣದಂತೆ ಉಳಿದಿರುತ್ತದೆ. ಅದನ್ನು ಅನುಸರಿಸುವ ತಂತ್ರಾಂಶಗಳು ಹೊಸ ಪತ್ರವನ್ನೂ ಹಳೆಯ ಚರ್ಚೆಯ ಎಳೆಗೇ ನೇತುಹಾಕುತ್ತವೆ, ಆ ಎಳೆಯನ್ನು ಮ್ಯೂಟ್ ಮಾಡಿದವರಿಗೆ ಅದು ಕಾಣದೆಯೇ ಹೋಗಬಹುದು. ಜಿಮೇಲ್‌ನಲ್ಲಾದರೆ ವಿಷಯ ಬದಲಾದೊಡನೆ ಚರ್ಚೆ ಬೇರೆಯಾಗಿ ಒಡೆಯುತ್ತದೆ. ಆದ್ದರಿಂದ ಹೊಚ್ಚ ಹೊಸ ವಿಚಾರಕ್ಕೆ ಹೊಸ ಪತ್ರವನ್ನೇ ಬರೆಯಬೇಕು. ನಡೆಯುತ್ತಿರುವ ಚರ್ಚೆಯ ಸಾಲನ್ನು ಬರಿಯ ಕಾಗುಣಿತ ತಿದ್ದಲೆಂದು ಮುಟ್ಟಬಾರದು.

ನಾನು ಒಪ್ಪಲಾರದ ಬದಲಾವಣೆ ಇನ್ನೊಂದಿದೆ. ವಾದ ಬಿಸಿಯೇರಿದಾಗ ಒಬ್ಬರು ವಿಷಯದ ಸಾಲನ್ನು ‘ಕೆಲವರ ಅರ್ಥವಿಲ್ಲದ ಹಟ’ ಎಂದು ಬದಲಿಸಿದರು. ಮೂದಲಿಕೆ ಅವರೊಬ್ಬರದಾದರೂ, ಮುಂದೆ ಬರೆದ ಪ್ರತಿಯೊಬ್ಬರ ಹೆಸರೂ ಅದರ ಪಕ್ಕದಲ್ಲೇ ಕಾಣಿಸಿಕೊಂಡಿತು. ಎರಡು ದಿನಗಳ ಬಳಿಕ ಅವರು ಕ್ಷಮೆ ಕೋರಿದರು. ಆ ಪತ್ರವೂ ಬಂದದ್ದು ‘ರೀ: ಕೆಲವರ ಅರ್ಥವಿಲ್ಲದ ಹಟ’ ಎಂದೇ.