ಬಾಲದ ಸುತ್ತ ಪಂಚಾಯ್ತಿ

ಯುಗಾದಿ ಹತ್ರ ಬಂತಂದ್ರ ಗಂಗಾವತಿಯೊಳಗ ನಮ್ಮ ಹಿತ್ತಲ ಬೇವಿನಗಿಡ ಎಲಿ ಉದುರ್ಸಾಕ ಶುರು ಮಾಡ್ತೈತಿ, ಮುಂಜಾನೆ ಬಳದ್ರ ಮಧ್ಯಾಹ್ನಕ್ಕ ಮತ್ತ ಅಷ್ಟ. ಮೂಲ್ಯಾಗ ಒಟ್ಟಿದ್ದ ಎಲಿ ಪುಟ್ಟಿಗೆ ತುಂಬಾಕ ಹೋದ ಕಾಕಾ "ಯವ್ವೋ ಹಾವು" ಅಂತ ಎಷ್ಟ್ ಜೋರಾಗಿ ಒದರಿದ ಅಂದ್ರ, ನಾವು ಹಿತ್ತಲಕ್ಕ ಓಡೋದ್ರೊಳಗ ಬಾಜು ಮನಿಯವ್ರು ಆಗ್ಲೇ ಕಂಪೌಂಡ್ ಮ್ಯಾಲೆ ಕುಂತಿದ್ರು.

ನೋಡಿದ್ರ ಹಾವಲ್ಲ, ಹಲ್ಲಿಯಂಥಾ ಹಾವುರಾಣಿ ಮರಿ. ಮಿರಿಮಿರಿ ಮೈ, ಬೆನ್ನ ಮ್ಯಾಲೆ ಚುಕ್ಕಿ, ಬಾಲ ಮಾತ್ರ ಕೆಂಪಂದ್ರ ಕೆಂಪು. ವಿಜ್ಞಾನದಾಗ ಇದಕ್ಕ ರಿಯೋಪಾ ಪಂಕ್ಟೇಟಾ ಅಂತಾರ, ಮೊದ್ಲು ಲೈಗೋಸೋಮಾ ಅಂತಿದ್ರು. ಕಾಲು ಅದಾವೋ ಇಲ್ಲೋ ಅನ್ನೋಷ್ಟು ಸಣ್ಣು, ಕಸ ಎಲಿಯೊಳಗ ಸೇರ್ಕೊಂಡು ಹುಳಾ ಹುಪ್ಪಡಿ ತಿಂತಾವು, ದೊಡ್ಡವಾದ್ರ ಆ ಕೆಂಪು ಮಾಸಿ ಹೋಗ್ತೈತಿ. ಈ ಹಾವುರಾಣಿ ಬಳಗದಾಗ ಜಗತ್ತಿನ್ಯಾಗ 1,700ಕ್ಕಿಂತ ಹೆಚ್ಚು ಜಾತಿ ಅದಾವು, ವಿಷದ ಹಲ್ಲು ಒಂದಕ್ಕೂ ಇಲ್ಲ ಅಂತ ನಾ ಹೇಳಾಕತ್ತಿದ್ದೆ, ಅಜ್ಜಿ "ನೀ ಓದಿದ್ದು ನಿನ್ನ ಹತ್ರ ಇರ್ಲಿ, ಮೊದ್ಲ ಕಾಲು ಮ್ಯಾಲೆ ತಗೋ" ಅಂದ್ಳು.

ಅಷ್ಟ್ರಾಗ ಕಾಕಾ ಕಸಬರಿಗಿ ಬೀಸಿದ. ಏಟು ಬಿದ್ದಿದ್ದು ನೆಲಕ್ಕ, ಕಳಚಿದ್ದು ಬಾಲ! ತಗೋರಿ, ಅದು ಒಂದೇ ಸಮನ ಹಾರಾಡಾಕ ಹತ್ತಿತು, ಎಲ್ಲಾರೂ ಅದ್ರ ಸುತ್ತ ನಿಂತು ತಲಿ ಯಾವ ಕಡೆ ಐತಿ ಅಂತ ವಾದ, ಒಬ್ರು ಆ ಕಡೆ, ಒಬ್ರು ಈ ಕಡೆ, ಬಾಜು ಮನಿ ಹುಡುಗ ವಿಡಿಯೋ ಮಾಡಿ ಎರಡು ತಲಿ ಹಾವು ಅಂತ ಓಣಿ ಗ್ರೂಪಿಗೆ ಹಾಕೇಬಿಟ್ಟ.

ಬಾಲದ ಎಲುಬಿನೊಳಗ ಮುರಿಯಾಕಂತನ ಒಂದು ಗೆರಿ ಇರ್ತೈತಿ, ಹೆದರಿದ್ರ ಅಲ್ಲಿ ಸ್ನಾಯು ಬಿಗಿ ಹಿಡಿದು ತಾನ ಕಳಚ್ಕೊಂತೈತಿ. ಬಿದ್ದ ಬಾಲ ಇನ್ನೂ ಕೆಲವು ನಿಮಿಷ ಒದ್ದಾಡ್ತೈತಿ, ಕಾಗಿ ಬೆಕ್ಕು ಅದನ್ನ ನೋಡ್ಕೋತ ನಿಲ್ಲೋದ್ರೊಳಗ ಅಸಲಿ ಪ್ರಾಣಿ ಪರಾರಿ. ಆಮ್ಯಾಲೆ ಹೊಸಾ ಬಾಲ ಬರ್ತೈತಿ, ಅದ್ರಾಗ ಎಲುಬಿಲ್ಲ, ನಮ್ಮ ಕಿವ್ಯಾಗ ಇರೋವಂಥಾ ಮೆತ್ತನ ಮೃದ್ವಸ್ಥಿ ಅಷ್ಟ. ಕಾಗಿ ಬೆಕ್ಕಿಗಂತ ಇರೋ ಈ ಐಡಿಯಾ ಡಿಗ್ರಿ ಮಾಡಿದ ಕಾಕಾನ ಮ್ಯಾಲೂ ನಡೀತಲ್ಲ! ಅಸಲಿ ಹಾವುರಾಣಿ ಎಲ್ಲಾರ ಕಾಲ ಸಂದ್ಯಾಗಿಂದ ಹಾದು ಅಜ್ಜಿ ಚಪ್ಪಲ್ ದಾಟಿ ಬಚ್ಚಲ ಕಲ್ಲಿನ ಕೆಳಗ ಹೋಗಿತ್ತು, ನೋಡಿದಾಕಿ ನಮ್ಮ ತಂಗಿ ಒಬ್ಬಾಕಿ, ಆಕಿ ಮಾತು ಯಾರು ಕೇಳ್ತಾರ.

ಯಾರೋ ಫೋನ್ ಮಾಡಿದ್ರು ಕಾಣ್ತದ, ಹಾವು ಹಿಡಿಯಾವ ಬೈಕ್ ಮ್ಯಾಲೆ ಬಂದೇಬಂದ. ನೋಡಿ ನಗಲಿಲ್ಲ, ದೊಡ್ಡ ಮನುಷ್ಯ. ಚಾ ಕುಡಿದು "ಹಾವಿದ್ರ ಐನೂರು ತಗೊಂತಿದ್ದೆ, ಬರೇ ಬಾಲಕ್ಕ ಏನ್ ಕೇಳ್ಲಿ, ಪೆಟ್ರೋಲಿಗೆ ನೂರು ಕೊಡ್ರಿ ಸಾಕು" ಅಂದ.

ಕಾಕಾ ಅದಕ್ಕೂ ಎಂಬತ್ತು ಮಾಡ್ಕೋರಿ ಅಂತ ಚೌಕಾಶಿಗೆ ಕುಂತ.