ಕಾಫಿ ಮುಗಿಯೋದು ಯಾವಾಗ?

ದೇಶ ದೇಶ ಸುತ್ತಿ ಕಾಫಿ ಕುಡಿಯಬೇಕು ಅಂತ ಹೊರಡುವವರು ಏನೇನೋ ಓದಿಕೊಂಡು ಹೋಗುತ್ತಾರೆ. ಬೀಜ ಅರೇಬಿಕಾನಾ ರೊಬಸ್ಟಾನಾ, ಎಷ್ಟು ಹುರಿದಿದ್ದಾರೆ, ನೀರು ಎಷ್ಟು ಬಿಸಿ ಇರಬೇಕು, ಎಲ್ಲ ಬಾಯಿಪಾಠ. ಕಾಫಿಯನ್ನು ಮುಗಿಸೋದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಕುಡಿಯೋದಕ್ಕೇನು, ಲೋಟ ಎತ್ತಿದರಾಯಿತು. ಕುಡಿದು ಎದ್ದು ಬರೋದಿದೆಯಲ್ಲ, ಮಾನ ಹೋಗೋದು ಅಲ್ಲೇ.

ನಮ್ಮ ಯಜಮಾನರದ್ದು ಮೊದಲು ಹೋಗಿದ್ದು ಮಸ್ಕತ್‌ನಲ್ಲಿ.

ಪರಿಚಯದವರೊಬ್ಬರು ಮನೆಗೆ ಕರೆದಿದ್ದರು. ನೆಲಕ್ಕೆ ದಪ್ಪ ಜಮಖಾನ, ಒರಗಿಕೊಳ್ಳಲು ದಿಂಬು. ಮೊದಲು ಖರ್ಜೂರದ ತಟ್ಟೆ ಬಂತು. ಹಿಂದೆಯೇ ಒಬ್ಬ ಹುಡುಗ ಬಂದ. ಎಡಗೈಯಲ್ಲಿ ಉದ್ದ ಮೂತಿಯ ಹಿತ್ತಾಳೆ ಹೂಜಿ, ಅದಕ್ಕೆ ದಲ್ಲಾ ಅಂತಾರೆ. ಬಲಗೈಯಲ್ಲಿ ಒಂದರೊಳಗೊಂದು ಕೂರಿಸಿದ ಪುಟ್ಟ ಬಟ್ಟಲುಗಳು, ಹಿಡಿ ಇಲ್ಲದವು. ಅಲ್ಲಿ ಬೀಜವನ್ನು ಸ್ವಲ್ಪವೇ ಹುರಿಯೋದರಿಂದ ಕಾಫಿ ಕಪ್ಪಗಿರೋದಿಲ್ಲ, ಹೊಂಬಣ್ಣಕ್ಕಿರುತ್ತದೆ. ಏಲಕ್ಕಿ ಘಮ್ಮೆನ್ನುತ್ತದೆ. ಸಕ್ಕರೆ ಇಲ್ಲ, ಸಿಹಿಗೆ ಖರ್ಜೂರ ಇದೆಯಲ್ಲ. ಬಟ್ಟಲಿನ ತಳದಲ್ಲಿ ಒಂದಿಷ್ಟು, ಎರಡು ಗುಟುಕಿಗೆ ಆಗುವಷ್ಟು ಹಾಕಿದ. ಇವರು ಕುಡಿದರು. ಹುಡುಗ ಮತ್ತೆ ಹಾಕಿದ. ಕುಡಿದರು. ಮತ್ತೆ ಹಾಕಿದ.

"ರೀ, ಸಾಕು ಅನ್ನಿ" ಅಂತ ಪಿಸುಗುಟ್ಟಿದೆ.

"ನಾನೆಲ್ಲಿ ಕೇಳಿದೆ? ಅವನಾಗೇ ಹಾಕ್ತಿದಾನೆ. ಬೇಡ ಅಂದ್ರೆ ಬೇಜಾರು ಮಾಡ್ಕೊಂಡಾರು."

ಬಟ್ಟಲು ಖಾಲಿ ಮಾಡಿ ಮುಂದೆ ಚಾಚಿದರೆ ತುಂಬುತ್ತದೆ. ಖಾಲಿ ಮಾಡದೆ ಹಾಗೇ ಹಿಡಿದುಕೊಂಡರೆ ಹುಡುಗ ದಲ್ಲಾ ಹಿಡಿದು ಎದುರಿಗೇ ನಿಂತಿರುತ್ತಾನೆ. ಪಾಪ ಎಷ್ಟು ಹೊತ್ತು ನಿಂತಾನು ಅಂತ ಇವರು ಅದನ್ನೂ ಕುಡಿದು ಮುಗಿಸುತ್ತಾರೆ. ಮತ್ತೆ ತುಂಬುತ್ತದೆ. ಕೊನೆಗೆ ಮನೆಯ ಯಜಮಾನರಿಗೇ ಕನಿಕರ ಬಂತೇನೋ, ತಮ್ಮ ಖಾಲಿ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಮಣಿಕಟ್ಟಿನಿಂದ ಅತ್ತಿತ್ತ ಲಘುವಾಗಿ ಅಲ್ಲಾಡಿಸಿ ತೋರಿಸಿದರು. ಸಾಕು ಅನ್ನೋದಕ್ಕೆ ಅದೇ ಸನ್ನೆ. ಇವರು ಅದನ್ನು ಪರಿಮಳ ನೋಡುವ ವಿಧಾನ ಅಂದುಕೊಂಡರು. ಬಟ್ಟಲನ್ನು ಗುಂಡಗೆ ತಿರುಗಿಸಿ, ಮೂಗಿನ ಹತ್ತಿರ ತಂದು, "ಆಹಾ" ಅಂದರು. ಹುಡುಗ ಸಂತೋಷದಿಂದ ಇನ್ನೊಂದಿಷ್ಟು ಹಾಕಿದ.

ಕೊನೆಗೂ ಆ ಬಟ್ಟಲು ಅಲ್ಲಾಡಿತು ಅನ್ನಿ. ಕಾಫಿ ಜಾಸ್ತಿಯಾಗಿ ಕೈಯೇ ನಡುಗಲು ಶುರುವಾಗಿತ್ತು. ಹುಡುಗ ತಲೆಬಾಗಿ ಬಟ್ಟಲು ತೆಗೆದುಕೊಂಡು ಹೋದ. ಈ ಅರಬ್ಬೀ ಕಾಫಿಯ ಸಂಪ್ರದಾಯವನ್ನು ಯುನೆಸ್ಕೊ 2015ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು, ಔದಾರ್ಯದ ಸಂಕೇತ ಅಂತ. ಔದಾರ್ಯದ ವಿಚಾರದಲ್ಲಿ ನಮ್ಮ ತಕರಾರೇನೂ ಇಲ್ಲ. ಆ ರಾತ್ರಿ ಇವರು ಹೋಟೆಲ್ ರೂಮಿನ ಛಾವಣಿಯಲ್ಲಿ ಎಷ್ಟು ದೀಪ ಇವೆ ಅಂತ ಲೆಕ್ಕ ಹಾಕಿದರು. ಬೆಳಗಾಗುವುದರೊಳಗೆ ಅವು ಎಷ್ಟು ವ್ಯಾಟಿನವು ಅನ್ನೋದೂ ಗೊತ್ತಾಗಿತ್ತು.

ಇಟಲಿಯಲ್ಲಿ ಇದರ ತದ್ವಿರುದ್ಧ. ಅಲ್ಲಿ ಕಾಫಿ ಶುರುವಾಗೋ ಮೊದಲೇ ಮುಗಿದಿರುತ್ತದೆ. 1901ರಲ್ಲಿ ಮಿಲಾನಿನ ಲುಯಿಜಿ ಬೆಜೆರಾ ಎಸ್ಪ್ರೆಸೊ ಯಂತ್ರಕ್ಕೆ ಪೇಟೆಂಟ್ ಪಡೆದಾಗಿನಿಂದ ಆ ದೇಶಕ್ಕೆ ಕಾಫಿಯ ವಿಷಯದಲ್ಲಿ ತಾಳ್ಮೆ ಅನ್ನೋದೇ ಇಲ್ಲ. ಅರ್ಧ ನಿಮಿಷದಲ್ಲಿ ಇಳಿಯುತ್ತದೆ, ಇರೋದು 25-30 ಮಿಲಿಲೀಟರ್. ಕಟ್ಟೆಗೆ ಮೊಣಕೈ ಊರಿ ನಿಂತವರು ಮೂರು ಗುಟುಕಿಗೆ ಕುಡಿದು ಹೊರಟಿರುತ್ತಾರೆ. ಕುರ್ಚಿಯಲ್ಲಿ ಕೂತರೆ ಅದೇ ಕಾಫಿಗೆ ಜಾಸ್ತಿ ದುಡ್ಡು. ಇವರು ಬೋರ್ಡಿನಲ್ಲಿ ಎರಡೂ ದರ ಓದಿ, ಹೋದಲ್ಲೆಲ್ಲ ನಿಂತೇ ಕುಡಿಯೋದು ಅಂತ ಅಲ್ಲೇ ತೀರ್ಮಾನಿಸಿದರು.

ನೇಪಲ್ಸ್‌ನಲ್ಲಿ ನಿಂತು ಕುಡಿಯುವಾಗ ಆಗಿದ್ದು ಕೇಳಿ. ಅಲ್ಲಿ ಕಪ್ಪುಗಳನ್ನು ಕುದಿಯೋ ನೀರಲ್ಲಿ ಮುಳುಗಿಸಿಟ್ಟಿರುತ್ತಾರೆ. ಕಾಫಿ ಆರಬಾರದು ಅಂತ. ಇಕ್ಕಳದಲ್ಲಿ ಎತ್ತಿ ಯಂತ್ರದ ಕೆಳಗಿಡುತ್ತಾರೆ. ಅಂಥ ಕಪ್ಪಿಗೆ ಇವರು ನೇರವಾಗಿ ತುಟಿ ಇಟ್ಟರು. ಒಂದು ಶಬ್ದ ಬಂತು, ಅದು ಯಾವ ಭಾಷೆಯದೂ ಅಲ್ಲ. ಪಕ್ಕದಲ್ಲಿ ಒಂದು ಪುಟ್ಟ ಲೋಟದಲ್ಲಿ ನೀರು ಕೊಟ್ಟಿದ್ದರು. ಅದನ್ನು ಗಟಗಟ ಕುಡಿದರು. ಆ ನೀರು ಇರೋದು ಕಾಫಿಗೆ ಮೊದಲು ಬಾಯಿ ಸ್ವಚ್ಛ ಮಾಡಿಕೊಳ್ಳಲು. ಕಾಫಿ ಆದಮೇಲೆ ನೀರು ಕುಡಿದರೆ, ನಿನ್ನ ಕಾಫಿಯ ರುಚಿ ಬಾಯಲ್ಲಿ ಉಳಿಯೋದು ಬೇಡಪ್ಪ ಅಂದಂತೆ. ಕಾಫಿ ಮಾಡಿದಾತ ಯಂತ್ರ ಒರೆಸುತ್ತಿದ್ದ ಬಟ್ಟೆಯನ್ನು ನಿಲ್ಲಿಸಿ ಇವರನ್ನೇ ನೋಡಿದ. ಆ ನೋಟ ತಡೆಯಲಾಗದೆ ಇವರು ಹೋಗುವಾಗ ಎರಡು ಕಾಫಿಗೆ ದುಡ್ಡಿಟ್ಟರು. ಆ ಊರಲ್ಲಿ ಹಾಗೊಂದು ಪದ್ಧತಿ ಇದೆ. ಮುಂದೆ ಬರೋ ಕೈಲಾಗದವರಿಗೆ ಇರಲಿ ಅಂತ ಒಂದು ಕಾಫಿಗೆ ಹೆಚ್ಚಿಗೆ ಕೊಟ್ಟು ಹೋಗೋದು. ಆತ ತಕ್ಷಣ ನಕ್ಕು ಎದೆ ಮುಟ್ಟಿಕೊಂಡ. ಇವರೂ ಧರ್ಮಾತ್ಮರ ಹಾಗೆ ತಲೆಯಾಡಿಸಿದರು, ಊದಿದ ತುಟಿಯಲ್ಲೇ.

ವಿಯೆನ್ನಾದಲ್ಲಿ ಬಿಡಿ, ನಾವು ಸೆರೆಯಾಗಿದ್ದೆವು.

ಅಲ್ಲಿನ ಕಾಫಿಹೌಸ್‌ಗಳು ಆರಾಮವಾಗಿ ಕೂರೋದಕ್ಕೇ ಇರುವಂಥವು. ಒಂದು ಮೆಲಾಂಜ್, ಅಂದರೆ ನೊರೆಹಾಲಿನ ಕಾಫಿ, ತರಿಸಿ ಇಡೀ ಮಧ್ಯಾಹ್ನ ಕೂತರೂ ಯಾರೂ ಏನೂ ಅನ್ನುವುದಿಲ್ಲ. ಬೆಳ್ಳಿಬಣ್ಣದ ತಟ್ಟೆಯಲ್ಲಿ ಕಾಫಿ, ಪಕ್ಕದಲ್ಲಿ ನೀರಿನ ಲೋಟ, ಲೋಟದ ಮೇಲೆ ಬೋರಲು ಹಾಕಿದ ಚಮಚ. ಕಪ್ಪು ಕೋಟಿನ ವೇಟರ್ ತಂದಿಟ್ಟು ಹೋದ. ಕುಡಿದೆವು. ಬಿಲ್ ಬರಲಿ ಅಂತ ಕಾದೆವು. ಬಿಲ್ ಬರಲಿಲ್ಲ, ಹೊಸ ಲೋಟ ನೀರು ಬಂತು. ಇನ್ನೂ ಕಾದೆವು. ಇನ್ನೊಂದು ಲೋಟ ನೀರು.

"ಕೇಳ್ರೀ, ಟ್ರೈನಿಗೆ ಹೊತ್ತಾಯ್ತು."

"ನಾವಾಗಿ ಬಿಲ್ ಕೇಳಿದ್ರೆ ಅವಸರದ ಜನ ಅಂದ್ಕೋತಾರೆ. ಅವರೇ ತರ್ತಾರೆ ಇರು."

ಅವರು ಜಪ್ಪಯ್ಯ ಅಂದರೂ ತರೋದಿಲ್ಲ. ಕೇಳದೆ ಬಿಲ್ ತಂದಿಟ್ಟರೆ ಗಿರಾಕಿಯನ್ನು ಎಬ್ಬಿಸಿದ ಹಾಗೆ ಅಂತ ಅವರ ಲೆಕ್ಕ. ಅವರು ನಮ್ಮ ಮರ್ಯಾದೆ ಕಾಯುತ್ತಿದ್ದಾರೆ, ಇವರು ಅವರ ಮರ್ಯಾದೆ ಕಾಯುತ್ತಿದ್ದಾರೆ, ನಡುವೆ ಟ್ರೈನ್ ಯಾರನ್ನೂ ಕಾಯೋದಿಲ್ಲ. ಹೊತ್ತು ಕಳೆಯಲು ಇವರು ಗೋಡೆಯಿಂದ ಒಂದು ಪೇಪರ್ ತಂದರು. ಅಲ್ಲಿ ಪೇಪರುಗಳನ್ನು ಉದ್ದನೆಯ ಮರದ ಕೋಲಿಗೆ ಸಿಕ್ಕಿಸಿ ತೂಗುಹಾಕಿರುತ್ತಾರೆ. ಜರ್ಮನ್ ಒಂದಕ್ಷರ ಬಾರದು, ಆದರೂ ಹವಾಮಾನದ ಪುಟವನ್ನು ಗಂಭೀರವಾಗಿ ಓದಿದರು. ಪುಟ ತಿರುಗಿಸುವಾಗ ಕೋಲಿನ ತುದಿ ಪಕ್ಕದ ಮೇಜಿನ ಅಜ್ಜಿಯ ನೀರಿನ ಲೋಟಕ್ಕೆ ತಾಗಿತು. ಲೋಟ ಉರುಳಿತು. ವೇಟರ್ ಓಡಿ ಬಂದ. ನಾನು ಸಿಕ್ಕಿದ್ದೇ ಸೀರುಂಡೆ ಅಂತ ಅವನ ಹತ್ತಿರವೇ ಬಿಲ್ ಕೇಳಿದೆ. ಅರೆಗಳಿಗೆಯಲ್ಲಿ ಬಂತು! ಈ ಕಾಫಿಹೌಸ್ ಸಂಸ್ಕೃತಿಯನ್ನು ಆಸ್ಟ್ರಿಯಾ 2011ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ. ಟ್ರೈನ್ ತಪ್ಪಿಸಿಕೊಳ್ಳೋದು ಅದರ ಭಾಗವಾ ಅಂತ ವಿಚಾರಿಸಬೇಕಿತ್ತು.

ಟೋಕಿಯೋದಲ್ಲಿ ಇನ್ನೊಂದು ಥರ. ಕಾಫಿ ಮುಗಿಯುತ್ತದೆ, ಲೋಟ ಮುಗಿಯೋದಿಲ್ಲ. ಅಂಗಡಿಯಿಂದ ಕಾಗದದ ಲೋಟದಲ್ಲಿ ಕಾಫಿ ಹಿಡಿದು ಹೊರಗೆ ಬಂದೆವು. 1995ರಲ್ಲಿ ಸುರಂಗ ರೈಲಿನಲ್ಲಿ ವಿಷಾನಿಲ ದಾಳಿ ಆದಮೇಲೆ ಬೀದಿಯ ಕಸದ ಬುಟ್ಟಿಗಳನ್ನು ಬಹುಪಾಲು ತೆಗೆದುಬಿಟ್ಟಿದ್ದಾರೆ. ಜನ ತಮ್ಮ ಕಸ ತಾವೇ ಮನೆಗೆ ಒಯ್ಯುತ್ತಾರೆ. ಇವರು ಖಾಲಿ ಲೋಟ ಹಿಡಿದೇ ದೇವಸ್ಥಾನ ನೋಡಿದರು, ಉದ್ಯಾನ ನೋಡಿದರು. ಫೋಟೋಗಳಲ್ಲೆಲ್ಲ ನಮ್ಮ ಜೊತೆ ಆ ಲೋಟವೂ ಇದೆ. ಹನೋಯಿಯಲ್ಲಂತೂ ಗಾಜಿನ ಲೋಟದ ಮೇಲೆ ಕೂರಿಸುವ ಫಿನ್ ಅನ್ನೋ ತಗಡಿನ ಸೋಸುಗದಿಂದ ಕಾಫಿ ಹನಿ ಹನಿಯಾಗಿ ಬೀಳೋದನ್ನು ನೋಡುತ್ತಾ ಕೂರಬೇಕು. ಇವರು ಕೂರಲಿಲ್ಲ. ಮಧ್ಯದಲ್ಲೇ ಫಿನ್ ಎತ್ತಿದರು. ಅದರ ಮುಚ್ಚಳವನ್ನು ಬೋರಲಿಟ್ಟರೆ ಫಿನ್ ಇಡೋ ತಟ್ಟೆಯಾಗುತ್ತದೆ. ಅಷ್ಟು ಜಾಣತನದ ಏರ್ಪಾಡು ಕಣ್ಣೆದುರಿಗೇ ಇದ್ದರೂ ಉಳಿದ ಹನಿಗಳೆಲ್ಲ ಬಿದ್ದಿದ್ದು ಬಿಳಿ ಅಂಗಿಯ ಮೇಲೆ.

ಅಡಿಸ್ ಅಬಾಬಾದ ಕಥೆ ಸ್ವಲ್ಪ ದೊಡ್ಡದು. ಅಲ್ಲೊಬ್ಬರು ಹೆಂಗಸು "ನಾಳೆ ಮೂರು ಗಂಟೆಗೆ ಮನೆಗೆ ಕಾಫಿಗೆ ಬನ್ನಿ" ಅಂದರು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಹೋದೆವು. ಬಾಗಿಲು ತೆಗೆದವರ ಮುಖದಲ್ಲಿ ಆಶ್ಚರ್ಯ. ಇಥಿಯೋಪಿಯಾದವರು ಗಂಟೆ ಎಣಿಸೋದು ಬೆಳಗಾದಾಗಿನಿಂದ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಏಳು ಅಂದರೆ ಅವರಿಗೆ ಒಂದು ಗಂಟೆ. ಅವರ ಮೂರು ಗಂಟೆ ಅಂದರೆ ನಮ್ಮ ಬೆಳಗಿನ ಒಂಬತ್ತು. ಅವರು ನೆಂಟರಿಷ್ಟರನ್ನೆಲ್ಲ ಸೇರಿಸಿ, ಕಾದು, ಕುಡಿದು, ತೊಳೆದಿಟ್ಟೂ ಆಗಿತ್ತು.

ನಾವು ಮುಖ ಸಣ್ಣದು ಮಾಡಿಕೊಂಡು ವಾಪಸ್ ಹೊರಟರೆ ಅವರು ಬಿಡಬೇಕಲ್ಲ. ನೆಲಕ್ಕೆ ಮತ್ತೆ ಹಸಿ ಹುಲ್ಲು ಹರಡಿದರು. ಸಾಂಬ್ರಾಣಿ ಹಾಕಿದರು. ಹಸಿ ಬೀಜ ತೊಳೆದು ಅಗಲ ಬಾಣಲೆಯಲ್ಲಿ ಇದ್ದಿಲ ಮೇಲೆ ಹುರಿಯಲು ಕೂತರು. ಮೊದಲು ಹಸಿರು ಹೋಗಿ ಹಳದಿಗೆ ತಿರುಗಿತು, ಆಮೇಲೆ ಕಂದು, ಆಮೇಲೆ ಚಟಪಟ ಸಿಡಿದು ಎಣ್ಣೆಯ ಹೊಳಪು ಬಂತು. ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ಹಿಡಿದರು. ಹೊಗೆಯನ್ನು ಕೈಯಿಂದ ಮುಖದತ್ತ ಎಳೆದುಕೊಳ್ಳಬೇಕು. ಇವರು ಬಗ್ಗಿ ನೇರವಾಗಿ ಎಳೆದುಕೊಂಡು ಕೆಮ್ಮಿದರು. ಆಮೇಲೆ ಕುಟ್ಟಿ ಪುಡಿ ಮಾಡಿ, ಉದ್ದ ಕತ್ತಿನ ಕರಿ ಮಣ್ಣಿನ ಜೆಬೆನಾದಲ್ಲಿ ಕುದಿಸಿ, ಎತ್ತರದಿಂದ ಧಾರೆ ಕಡಿಯದ ಹಾಗೆ ಸಾಲಾಗಿಟ್ಟ ಬಟ್ಟಲುಗಳಿಗೆ ಬಗ್ಗಿಸಿದರು. ಇಷ್ಟೆಲ್ಲ ಆಗಿ ಬಾಯಿಗೆ ಬಿದ್ದ ಕಾಫಿಯ ರುಚಿ ಹೇಳಿದರೆ ಮುಗಿಯೋದಿಲ್ಲ. ಇಡೀ ಪ್ರಯಾಣದಲ್ಲಿ ಕುಡಿದ ಕಾಫಿಗಳಲ್ಲಿ ನನ್ನ ಓಟು ಇದಕ್ಕೇ.

ಒಂದು ಬಟ್ಟಲು ಮುಗಿಯುತ್ತಿದ್ದಂತೆ ಇವರಿಗೆ ಮಸ್ಕತ್ ನೆನಪಾಯಿತು. ಈ ಸಲ ಯಾಮಾರಬಾರದು ಅಂತ ಬಟ್ಟಲು ಹಿಡಿದು ಜೋರಾಗಿ ಅತ್ತಿತ್ತ ಅಲ್ಲಾಡಿಸಿದರು. ಇಥಿಯೋಪಿಯಾದಲ್ಲಿ ಆ ಸನ್ನೆಗೆ ಏನೂ ಅರ್ಥವಿಲ್ಲ. ತಳದಲ್ಲಿ ಉಳಿದಿದ್ದ ಕಾಫಿ ಹಾರಿ ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಬಿಳಿ ಹತ್ತಿ ಹೊದಿಕೆಯ ಮೇಲೆ ಬಿತ್ತು. (ಅಜ್ಜಿಯರಿಗೂ ಇವರಿಗೂ ಏನೋ ಋಣಾನುಬಂಧ.) ಅಲ್ಲಿ ಕಾಫಿ ಮೂರು ಸುತ್ತು. ಅದೇ ಪುಡಿಗೆ ಮತ್ತೆ ನೀರು ಹಾಕಿ ಕುದಿಸುತ್ತಾರೆ. ಮೊದಲಿನದು ಅಬೋಲ್, ಎರಡನೆಯದು ಸ್ವಲ್ಪ ತೆಳು, ತೋನಾ. ಮೂರನೆಯದು ಬರಕಾ, ಆಶೀರ್ವಾದದ ಕಾಫಿ. ಅದನ್ನು ಕುಡಿಯದೆ ಏಳೋದು ಚೆನ್ನಾಗಿರೋದಿಲ್ಲ. ಎಲ್ಲ ಮುಗಿದಾಗ ಕತ್ತಲಾಗಿತ್ತು. ಅವರ ಗಡಿಯಾರದಲ್ಲಿ ಎಷ್ಟು ಗಂಟೆ ಅಂತ ಲೆಕ್ಕ ಹಾಕುವ ಧೈರ್ಯ ನಮಗಿರಲಿಲ್ಲ.

ಇಷ್ಟೆಲ್ಲ ಆಗಿ ಇಸ್ತಾಂಬುಲ್‌ಗೆ ಬರೋ ಹೊತ್ತಿಗೆ ಇವರು ಕಾಫಿ ಪಂಡಿತರಾಗಿದ್ದರು. ಜೇಬಿನಲ್ಲಿ ಒಂದು ನೋಟ್‌ಬುಕ್ ಬೇರೆ. ಕುಡಿದ ಕಾಫಿಯ ರುಚಿ ಬರೆದಿಡೋಕೆ. ಕದ್ದು ನೋಡಿದೆ. ಒಂದು ಕಡೆ "ಚೆನ್ನಾಗಿದೆ", ಇನ್ನೊಂದು ಕಡೆ "ಇದೂ ಚೆನ್ನಾಗಿದೆ".

ಟರ್ಕಿಯ ಕಾಫಿಯಲ್ಲಿ ಪುಡಿಯನ್ನು ಸೋಸುವುದಿಲ್ಲ. ಹಿಟ್ಟಿನಷ್ಟು ನುಣ್ಣಗೆ ಬೀಸಿ, ಉದ್ದ ಹಿಡಿಯ ಜೆಜ್ವೆಯಲ್ಲಿ ಸಣ್ಣ ಉರಿಯಲ್ಲಿ ನೊರೆ ಬರಿಸಿ, ನೊರೆಯ ಸಮೇತ ಕಪ್ಪಿಗೆ ಬಗ್ಗಿಸುತ್ತಾರೆ. ಚರಟ ತಳದಲ್ಲಿ ಕೂರುವ ತನಕ ಸುಮ್ನೆ ಇರಬೇಕು. ಸಕ್ಕರೆ ಎಷ್ಟು ಅಂತ ಮೊದಲೇ ಹೇಳಬೇಕು, ಕಾಯಿಸುವಾಗಲೇ ಅದು ಸೇರಬೇಕು. ಇವರು ಪಂಡಿತರ ಗತ್ತಿನಲ್ಲಿ ಸಕ್ಕರೆ ಬೇಡವೇ ಬೇಡ ಅಂದರು. ಬಂದ ಮೇಲೆ ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದರು. ನನ್ನ ಚೀಲದಲ್ಲಿ ಯಾವುದೋ ಹೋಟೆಲಿನ ಸಕ್ಕರೆ ಪೊಟ್ಟಣ ಇರೋದು ಅವರಿಗೆ ಗೊತ್ತಿತ್ತು.

"ಅಲ್ಲಾಡಿಸಬೇಡ್ರೀ, ಚರಟ ಏಳುತ್ತೆ."

"ಏನೂ ಆಗಲ್ಲ ಬಿಡು."

ಪೊಟ್ಟಣ ಸುರಿದು ಚಮಚದಿಂದ ಗರಗರ ತಿರುಗಿಸಿದರು. ಕೂತಿದ್ದ ಚರಟವೆಲ್ಲ ಎದ್ದಿತು. ದುಡ್ಡು ಕೊಟ್ಟಿದ್ದೇವೆ ಅಂತ ಕೊನೆಯ ಹನಿಯವರೆಗೂ ಕುಡಿದರು. ಕುಡಿದರು ಅನ್ನೋದಕ್ಕಿಂತ ಅಗಿದರು ಅನ್ನಬಹುದು. ಹಲ್ಲೆಲ್ಲ ಕಪ್ಪು.

ಆ ಅಂಗಡಿಯಲ್ಲಿ ಕಾಫಿ ಚರಟ ನೋಡಿ ಭವಿಷ್ಯ ಹೇಳುವ ಹೆಂಗಸೊಬ್ಬರಿದ್ದರು. ಕುಡಿದಾದ ಮೇಲೆ ಕಪ್ಪಿನ ಮೇಲೆ ಸಾಸರ್ ಮುಚ್ಚಿ, ಬೋರಲು ಹಾಕಿ, ಆರಲು ಬಿಡಬೇಕು. ಚರಟ ಇಳಿದು ಕಪ್ಪಿನ ಗೋಡೆಯ ಮೇಲೆ ಏನೇನೋ ಚಿತ್ರ ಮೂಡುತ್ತದೆ. ನನ್ನ ಕಪ್ಪು ಎತ್ತಿ ನೋಡಿ, ಒಂದು ಹಕ್ಕಿ ಇದೆ, ಒಳ್ಳೆ ಸುದ್ದಿ ಬರುತ್ತದೆ, ಒಂದು ದಾರಿ ಇದೆ, ದೂರ ಹೋಗುತ್ತೀರಿ ಅಂದರು. ಆಮೇಲೆ ಇವರದ್ದನ್ನು ಎತ್ತಿದರು. ಬೆಳಕಿಗೆ ಹಿಡಿದರು. ತಿರುಗಿಸಿದರು. ಸಾಸರ್ ನೋಡಿದರು. ಇವರ ಹಲ್ಲು ನೋಡಿದರು.

"ಇವರ ಭವಿಷ್ಯ ಇವರೇ ಕುಡಿದುಬಿಟ್ಟಿದ್ದಾರೆ" ಅಂದರು.

ಇವರು ಒಂದು ಕ್ಷಣ ಯೋಚಿಸಿ, ಅಂಗಡಿಯವರ ಕಡೆ ಬೆರಳೆತ್ತಿದರು. "ಇನ್ನೊಂದು ಕಾಫಿ ಕೊಡಿ. ಈ ಸಲ ಸಕ್ಕರೆ ಜಾಸ್ತಿ ಇರಲಿ."